ಮರೆಯಾಗುವ ನದಿಯೂ ತೋಟಗಾರನ ಮಾತೂ

ಇಂಗ್ಲೆಂಡ್ ದೇಶದ ನಡುನಾಡಿನಲ್ಲಿ ಡರ್ಬಿಷೈರ್, ಸ್ಟ್ಯಾಫರ್ಡ್‌ಷೈರ್ ಎಂಬ ಎರಡು ಪ್ರಾಂತಗಳಿಗೆ ಎಲ್ಲೆಯಾಗಿ ಡವ್ ಎಂಬ ಕಿರುನದಿ ಹರಿಯುವುದು. ಅದರ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿ ಮ್ಯಾನಿಫೋಲ್ಡ್ ಎಂಬ ಮತ್ತೊಂದು ನದಿಯುಂಟು. ಎರಡೂ ಒಂದೇ ಬೆಟ್ಟಸಾಲಿನ ಬಳಿ ಹುಟ್ಟಿ, ಬೇರೆ ಬೇರೆ ಕಣಿವೆಗಳನ್ನು ಕೊರೆದುಕೊಂಡು ದಕ್ಷಿಣಾಭಿಮುಖವಾಗಿ ಬಂದು, ಐಲಮ್ ಎಂಬ ಗ್ರಾಮದ ಕೆಳಗೆ ಸಂಗಮಿಸುವುವು. ಬೆಳಿಗ್ಗೆ ಐಲಮಿನಿಂದ ಹೊರಟ ಪಾದಚಾರಿಯು ಡವ್ ನದಿಯನ್ನು ಹಿಡಿದು ಮೇಲೇರಿ, ಮ್ಯಾನಿಫೋಲ್ಡನ್ನು ಹಿಡಿದು ಇಳಿದು, ಪ್ರದಕ್ಷಿಣೆ ಬಂದವನಂತೆ ಸಂಜೆಗೆ ಹೊರಟ ಸ್ಥಳವನ್ನೇ ಸೇರಬಹುದು.

ಈ ನಾಡಿನ ನೆಲವೆಲ್ಲ ಸುಣ್ಣಕಲ್ಲು. ಸುಮಾರು 33 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದಲ್ಲಿ ಚಿಪ್ಪುಪ್ರಾಣಿಗಳ ಅವಶೇಷಗಳು ಪದರಪದರವಾಗಿ ಸಂಚಿತವಾಗಿ ಈ ಶಿಲೆಯಾಯಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಅಂಗಾರಾಮ್ಲವನ್ನು ಹೀರಿ ಬಿರುಕುಗಳಲ್ಲಿ ಇಳಿದಾಗ ಕಲ್ಲು ಮೆಲ್ಲಮೆಲ್ಲನೆ ಕರಗುವುದು. ಬಿರುಕು ಬಿಲವಾಗಿ, ಬಿಲವು ಗುಹೆಯಾಗಿ, ಕೊನೆಗೆ ನದಿಯೇ ನೆಲದೊಳಕ್ಕೆ ಇಳಿದುಹೋಗುವಷ್ಟು ದಾರಿಯಾಗುವುದು.

ಡವ್ ಕಣಿವೆಯ ಕೀರ್ತಿ ಬಹುಮಟ್ಟಿಗೆ ಗಾಳ ಹಾಕುವವರಿಂದ ಬಂದುದು. ಐಸಾಕ್ ವಾಲ್ಟನ್ ಎಂಬಾತನು 1653ರಲ್ಲಿ ಮೀನುಗಾರಿಕೆಯ ವಿಷಯವಾಗಿ ಒಂದು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಈ ನದೀತೀರದವನೇ ಆದ ಅವನ ಮಿತ್ರ ಚಾರ್ಲ್ಸ್ ಕಾಟನ್ 1676ರಲ್ಲಿ ಅದಕ್ಕೆ ಎರಡನೆಯ ಭಾಗವನ್ನು ಸೇರಿಸಿದನು. ಅದರಲ್ಲಿ ಬರುವ ಪ್ರಯಾಣಿಕನು ಇಕ್ಕಟ್ಟಾದ ಸೇತುವೆಯೊಂದನ್ನು ಕಂಡು ಅಂಜುವನು. ಮಿಲ್‌ಡೇಲ್ ಎಂಬ ಹಳ್ಳಿಯಲ್ಲಿರುವ ಕಲ್ಲುಸೇತುವೆಗೆ ಆ ಪ್ರಯಾಣಿಕನ ಹೆಸರೇ ಇಂದಿಗೂ ನಿಂತಿದೆ.

ಮಿಲ್‌ಡೇಲಿನಿಂದ ಪಶ್ಚಿಮಕ್ಕೆ ಏರಿ ಬಯಲನ್ನು ದಾಟಿದರೆ ವೆಟನ್ ಗ್ರಾಮ. ಇಲ್ಲಿನ ಶಾಲೆಯ ಉಪಾಧ್ಯಾಯನಾದ ಸ್ಯಾಮ್ಯುಯೆಲ್ ಕ್ಯಾರಿಂಗ್ಟನ್ ಎಂಬಾತನು 1864ರಿಂದ ಸಮೀಪದ ಥಾರ್ ಗುಹೆಯನ್ನು ಅಗೆಯಿಸಿ, ಪೂರ್ವಕಾಲದ ಜನರು ಅಲ್ಲಿದ್ದುದಕ್ಕೆ ಕುರುಹುಗಳನ್ನು ಹೊರತೆಗೆದನು. ಗುಹೆಯ ಬಾಯಿಂದ ಕೆಳಗೆ ನೋಡಿದರೆ ಮ್ಯಾನಿಫೋಲ್ಡ್ ಕಣಿವೆ. ಅದರಲ್ಲಿ 1904ರಲ್ಲಿ ಎರಡೂವರೆ ಅಡಿ ಅಗಲದ ಹಳಿಗಳ ಸಣ್ಣ ರೈಲು ಆರಂಭವಾಯಿತು. ಜನರಿಗಿಂತ ಹಾಲಿನ ಸಾಗಣೆಯೇ ಅದಕ್ಕೆ ಆಧಾರ. 1934ರಲ್ಲಿ ಅದು ನಿಂತಿತು. 1937ರಲ್ಲಿ ಹಳಿಯಿದ್ದ ದಾರಿಯೇ ಕಾಲುದಾರಿಯಾಯಿತು.

ಈ ದಾರಿಯಲ್ಲಿ ಬೇಸಿಗೆಯ ದಿನ ನಡೆಯುವವನಿಗೆ ಆಶ್ಚರ್ಯವೊಂದು ಕಾದಿರುವುದು. ವೆಟನ್ ಗಿರಣಿಯ ಬಳಿಯವರೆಗೆ ಹರಿದು ಬಂದ ನದಿಯು ಅಲ್ಲಿಂದ ಮುಂದೆ ಕಾಣುವುದಿಲ್ಲ. ಪಾತ್ರವುಂಟು, ಉರುಟುಗಲ್ಲುಗಳುಂಟು, ನೀರು ಮಾತ್ರವಿಲ್ಲ. ಉಪನದಿಯಾದ ಹ್ಯಾಂಪ್ಸ್ ಸಹ ಹೀಗೆಯೇ ಅಡಗುವುದು. ಮೈಲಿಗಟ್ಟಲೆ ಕೆಳಗೆ, ಐಲಮ್ ಭವನದ ತೋಟದಲ್ಲಿ, ಬಂಡೆಯ ಬುಡದಿಂದ ಎರಡು ಪ್ರವಾಹಗಳು ಹತ್ತಿರ ಹತ್ತಿರವೇ ಉಕ್ಕಿ ಬರುವುವು.

1777ರಲ್ಲಿ ಇದನ್ನು ನೋಡಲು ಬಂದವರು ಇಂಗ್ಲಿಷ್ ನಿಘಂಟುಕಾರನಾದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್, ಅವನ ಶಿಷ್ಯನೂ ಚರಿತ್ರಕಾರನೂ ಆದ ಜೇಮ್ಸ್ ಬಾಸ್ವೆಲ್. ಉಕ್ಕುವ ನೀರು ಮೇಲೆ ಮರೆಯಾದ ನದಿಗಳದೇ ಎಂದು ರಾಬರ್ಟ್ ಪ್ಲಾಟ್ 1686ರಲ್ಲಿಯೇ ಬರೆದಿದ್ದನು. ಅಲ್ಲಿನ ತೋಟಗಾರನು ಅಷ್ಟಕ್ಕೆ ತೃಪ್ತನಾಗದೆ, ನದಿ ಇಂಗುವ ಕಡೆ ಬೆಂಡಿನ ತುಂಡುಗಳನ್ನು ತೇಲಬಿಟ್ಟು, ಉಕ್ಕುವ ಕಡೆ ಬಲೆಯೊಡ್ಡಿ, ಅವನ್ನು ಹಿಡಿದುದಾಗಿ ಸಾಕ್ಷ್ಯ ಹೇಳಿದನು. ಜಾನ್ಸನನು ಆದರೂ ನಂಬಲಿಲ್ಲ. ಬಾಸ್ವೆಲನು ತನ್ನ ಗುರುವಿನ ಅವಿಶ್ವಾಸವನ್ನೂ ತೋಟಗಾರನ ಸಾಕ್ಷ್ಯವನ್ನೂ ಮುಚ್ಚಿಡದೆ 1791ರಲ್ಲಿ ಪ್ರಕಟವಾದ ಚರಿತ್ರೆಯಲ್ಲಿ ದಾಖಲಿಸಿದನು. ಇಂತಹ ಅಂತರ್ವಾಹಿನಿಗಳು ಭೂಮಂಡಲದ ಹಲವೆಡೆ ಉಂಟೆಂದೂ ಸೇರಿಸಿದನು.

ಜಾನ್ಸನನ ಪಕ್ಷದಲ್ಲಿ ಹೇಳತಕ್ಕದ್ದೂ ಸ್ವಲ್ಪವುಂಟು. ಅದ್ಭುತವನ್ನು ತೋರಿಸುವವನಿಗೆ ಅದ್ಭುತದಲ್ಲಿ ಆಸೆ ಇರಬಹುದು. ಕೇಳಿದುದನ್ನೆಲ್ಲ ನಂಬುವುದು ವಿವೇಕವಲ್ಲ. ಆದರೆ ನಮ್ಮ ನೈಯಾಯಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ವಿಚಾರಮಾಡಿದ್ದಾರೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಬಯಸುವವನು ಆಪ್ತ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ನಿರ್ಣಯಿಸಿದ್ದಾನೆ. ಮಾತಿನ ಪ್ರಾಮಾಣ್ಯಕ್ಕೆ ಪಾಂಡಿತ್ಯವೂ ಪದವಿಯೂ ಕಾರಣವಲ್ಲವೆಂಬುದು ಇದರ ತಾತ್ಪರ್ಯ. ಅದರಲ್ಲಿಯೂ ಆ ತೋಟಗಾರನು ಬರಿಯ ಮಾತನ್ನು ಮುಂದಿಡಲಿಲ್ಲ. ಬೇಕಾದವರು ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆಯನ್ನೇ ಮುಂದಿಟ್ಟನು. ಬೆಂಡಿಗೆ ಬದಲಾಗಿ ಬಣ್ಣವನ್ನು ನೀರಿಗೆ ಬೆರಸಿ ಇಂತಹ ಗುಪ್ತಮಾರ್ಗಗಳನ್ನು ಪತ್ತೆಹಚ್ಚುವುದು ಈಗಿನ ಭೂವಿಜ್ಞಾನಿಗಳ ರೂಢಿಯ ಕ್ರಮವಾಗಿದೆ. ಯುಕ್ತಿ ಮಾತ್ರ ಅದೇ.

ಐಲಮ್ ಭವನದ ಬಹುಭಾಗವನ್ನು ಮುಂದೆ ಕೆಡವಿದರು. ಉಳಿದುದನ್ನು ಸರ್ ರಾಬರ್ಟ್ ಮ್ಯಾಕ್‌ಡೂಗಲ್ ಎಂಬ ಉದಾರಿಯು ಕೊಂಡು, ತರುಣ ಪಾದಚಾರಿಗಳ ವಸತಿಗಾಗಿ 1934ರಲ್ಲಿ ರಾಷ್ಟ್ರೀಯ ನ್ಯಾಸಕ್ಕೆ ದಾನಮಾಡಿದನು. 1951ರಲ್ಲಿ ಈ ಪ್ರದೇಶವು ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನದಲ್ಲಿ ಸೇರಿತು. ಆ ತೋಟದಲ್ಲಿ ನೀರು ಈಗಲೂ ಉಕ್ಕುತ್ತಿದೆ. ನಂಬದವನ ಹೆಸರು ಲೋಕವಿಖ್ಯಾತ. ಕಂಡು ಹೇಳಿದವನ ಹೆಸರನ್ನು ಬಾಸ್ವೆಲನೂ ಬರೆಯಲಿಲ್ಲ. ಓದುಬರಹವುಳ್ಳ ಮನೆಗಳಲ್ಲಿ ಬಾವಿ ತೋಡುವವನೋ ದನ ಕಾಯುವವನೋ ನೆಲದ ವಿಷಯವಾಗಿ ಒಂದು ಮಾತು ಹೇಳಿದಾಗ, ನಗುವುದಕ್ಕೆ ಮುಂಚೆ ಈ ತೋಟಗಾರನನ್ನು ಒಮ್ಮೆ ನೆನೆಯುವುದು ಯುಕ್ತ.