ಬಾಣಂತನ ತಪ್ಪಿದ ವರ್ಷಗಳು

1918ರ ಇನ್‌ಫ್ಲುಯೆಂಜಾ ಬಸುರಿಯರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದೆ ಎಂದು ಹೆರಿಗೆ ಮಾಡಿಸುತ್ತಿದ್ದ ವೈದ್ಯರಿಗೆ ಕಾಣುತ್ತಿತ್ತು. ಅಮೆರಿಕದ ಜೆ. ಡಬ್ಲ್ಯು. ಹ್ಯಾರಿಸ್ ಊರೂರಿನ ವೈದ್ಯರಿಗೆ ಪ್ರಶ್ನಾವಳಿ ಕಳಿಸಿ, ಜ್ವರ ಬಂದಿದ್ದ 1,350 ಗರ್ಭಿಣಿಯರ ವಿವರ ಕೂಡಿಹಾಕಿ 1919ರಲ್ಲಿ ಪ್ರಕಟಿಸಿದರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ನ್ಯುಮೋನಿಯಾ ಆಗಿತ್ತು. ಒಟ್ಟಾರೆ ನೂರಕ್ಕೆ 27 ಮಂದಿ ತೀರಿಕೊಂಡಿದ್ದರು. ಅಲ್ಲಿಂದ ಹಲವು ದಶಕ ಇಂಥ ಅಧ್ಯಯನಗಳ ಮುಖ್ಯ ಪ್ರಶ್ನೆ ಒಂದೇ ಆಗಿತ್ತು: ತಾಯಿ ಬದುಕುತ್ತಾಳೆಯೇ? 1957ರ ಏಷ್ಯನ್ ಫ್ಲೂ ಕಾಲಕ್ಕೂ ಅದೇ ಪ್ರಶ್ನೆ. 2009ರ ಎಚ್1ಎನ್1 ಬಂದಾಗಲೂ ಅದೇ. ಆ ವರ್ಷ ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ನೂರಕ್ಕೆ ಒಬ್ಬರಷ್ಟೇ, ಸತ್ತವರಲ್ಲಿ ಮಾತ್ರ ಸುಮಾರು ಐವರು.

ಅಪಾಯ ಹೆಚ್ಚೆಂದು ತೊಂಬತ್ತು ವರ್ಷದಿಂದ ಗೊತ್ತಿದ್ದರೂ ಔಷಧ ಪರೀಕ್ಷೆಯ ಬಾಗಿಲು ಗರ್ಭಿಣಿಯರಿಗೆ ಮುಚ್ಚಿಯೇ ಇತ್ತು. 1960ರ ಸುಮಾರಿಗೆ ಥ್ಯಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಶಿಶುಗಳು ಕೈಕಾಲು ಊನವಾಗಿ ಹುಟ್ಟಿದ ಮೇಲೆ ಮೂಡಿದ ಭಯ ಸಹಜವೇ. ಆದರೆ ಆ ಮಾತ್ರೆಯ ತಪ್ಪು ಇದ್ದದ್ದು ಸರಿಯಾಗಿ ಪರೀಕ್ಷಿಸದೆ ಕೊಟ್ಟಿದ್ದರಲ್ಲಿ. ಅದರಿಂದ ಕಲಿತ ಪಾಠ ತಿರುಗುಮುರುಗಾಯಿತು. ಕೋವಿಡ್ ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಬಸುರಿಯರನ್ನು ಸೇರಿಸಿಕೊಳ್ಳಲೇ ಇಲ್ಲ. ನಮ್ಮ ದೇಶದಲ್ಲಿ ಲಸಿಕೆ 2021ರ ಜನವರಿ 16ರಂದು ಶುರುವಾದರೂ ಗರ್ಭಿಣಿಯರಿಗೆ ಒಪ್ಪಿಗೆ ಸಿಕ್ಕಿದ್ದು ಜುಲೈ 2ರಂದು. ಅಷ್ಟರಲ್ಲಿ ಎರಡನೇ ಅಲೆ ಹೊಡೆದುಹೋಗಿತ್ತು. ಐಸಿಎಂಆರ್‌ನ ಪ್ರೆಗ್‌ಕೋವಿಡ್ ದಾಖಲೆಯ ಪ್ರಕಾರ, ಸೋಂಕು ತಗುಲಿದ ಬಸುರಿ-ಬಾಣಂತಿಯರಲ್ಲಿ ಸಾವು ಮೊದಲ ಅಲೆಯಲ್ಲಿ ಶೇ 0.7 ಇದ್ದದ್ದು ಎರಡನೆಯದರಲ್ಲಿ ಶೇ 5.7. ಈ ಎರಡು ಅಂಕಿಗಳನ್ನು ಓದುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಗುವಿನ ಮುಂದಿನ ಬದುಕಿನ ಕಡೆ ಗಮನ ಹೊರಳಿದ್ದು ತಡವಾಗಿ, ಅದರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞನ ಪಾಲು ದೊಡ್ಡದು. 1918ರಲ್ಲಿ ಗರ್ಭದಲ್ಲಿದ್ದವರು ದೊಡ್ಡವರಾದ ಮೇಲೆ ಕಡಿಮೆ ಓದಿದ್ದರು, ಕಡಿಮೆ ಸಂಪಾದಿಸಿದ್ದರು, ಅವರಲ್ಲಿ ಅಂಗವೈಕಲ್ಯವೂ ಹೆಚ್ಚಿತ್ತು ಎಂದು ಡಗ್ಲಸ್ ಆಲ್ಮಂಡ್ 2006ರಲ್ಲಿ ಜನಗಣತಿಯ ಅಂಕಿಗಳಿಂದ ತೋರಿಸಿದರು. ಇದಕ್ಕೆ ಬಂದ ತಕರಾರೂ ತೂಕದ್ದೇ. ಮಹಾಯುದ್ಧಕ್ಕೆ ಹೋದ ಗಂಡಸರ ಮನೆಗಳಲ್ಲಿ ಆ ಹೊತ್ತಿಗೆ ಮಕ್ಕಳು ಹುಟ್ಟಿದ್ದು ಕಡಿಮೆ. ಹುಟ್ಟಿದ ಮಕ್ಕಳ ಮನೆಗಳೇ ಬೇರೆ ಬಗೆಯವು. ಹಾಗಾದರೆ ಮಗುವನ್ನು ಹಿಂದೆ ಹಾಕಿದ್ದು ಜ್ವರವೋ, ಮನೆಯ ಸ್ಥಿತಿಯೋ?

ಈ ಪ್ರಶ್ನೆಗೆ ಕೋವಿಡ್ ಕಾಲದ ಅಧ್ಯಯನಗಳು ಹೊಸ ದಾರಿ ತೆರೆದವು. ನೇಪಾಳದ ಒಂಬತ್ತು ಆಸ್ಪತ್ರೆಗಳಲ್ಲಿ ಲಾಕ್‌ಡೌನ್ ಹೊತ್ತಿಗೆ ಹೆರಿಗೆಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ನವಜಾತ ಶಿಶುಗಳ ಸಾವು ಸಾವಿರಕ್ಕೆ 13ರಿಂದ 40ಕ್ಕೆ ಏರಿತು. ವೈರಸ್ ಮುಟ್ಟದ ಮಕ್ಕಳಿಗೂ ಅಪಾಯವಿತ್ತು: ಬಸ್ಸಿಲ್ಲ, ದಾರಿಯಲ್ಲಿ ತಡೆ, ಆಸ್ಪತ್ರೆಯ ಭಯ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 255 ಶಿಶುಗಳನ್ನು ಆರನೇ ತಿಂಗಳಲ್ಲಿ ಪರೀಕ್ಷಿಸಿದರು. ಬಸುರಿನಲ್ಲಿ ತಾಯಿಗೆ ಸೋಂಕು ಬಂದಿದ್ದರೂ ಬಾರದಿದ್ದರೂ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಪಿಡುಗಿಗೆ ಮೊದಲು ಹುಟ್ಟಿದವರಿಗೆ ಹೋಲಿಸಿದರೆ ಈ ಎರಡೂ ಗುಂಪು ಕೈಕಾಲಿನ ಚಲನೆಯಲ್ಲಿ, ಜನರೊಡನೆ ಬೆರೆಯುವುದರಲ್ಲಿ ತುಸು ಹಿಂದಿದ್ದವು.

ಐರ್ಲೆಂಡಿನ ಅಧ್ಯಯನ ಇನ್ನೂ ಹತ್ತಿರದಿಂದ ನೋಡಿತು. 2020ರ ಲಾಕ್‌ಡೌನಿನಲ್ಲಿ ಹುಟ್ಟಿದ ಮಕ್ಕಳಲ್ಲಿ ವರ್ಷ ತುಂಬುವಾಗ ಒಂದು ಸ್ಪಷ್ಟ ಮಾತಾಡುವವರು, ಬೆರಳು ಮಾಡಿ ತೋರಿಸುವವರು, ಟಾಟಾ ಮಾಡುವವರು ಹಿಂದಿನ ಮಕ್ಕಳಿಗಿಂತ ಕಡಿಮೆ. ಅಂಬೆಗಾಲಿಡುವವರು ಮಾತ್ರ ಹೆಚ್ಚು! ಎರಡಕ್ಕೂ ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಮನೆಗೆ ಬಂದವರು ಹೊಸಿಲು ದಾಟಿ ಹೊರಟಾಗ ಅಮ್ಮ ಮಗುವಿನ ಪುಟ್ಟ ಕೈ ಹಿಡಿದು ಆಡಿಸುತ್ತಾಳಲ್ಲ, ಟಾಟಾ ಬರುವುದು ಹಾಗೆ. ಯಾರೂ ಬರದ ಮನೆಯಲ್ಲಿ ಯಾರಿಗೆ ಟಾಟಾ? ನೆಲದ ಮೇಲೆ ಆಡಲು ಸಮಯವಂತೂ ಬೇಕಾದಷ್ಟಿತ್ತು.

ಸಂಶೋಧಕರು ಸಾಮಾಜಿಕ ಬೆಂಬಲ ಎನ್ನುವುದಕ್ಕೆ ನಮ್ಮಲ್ಲಿ ಬಾಣಂತನ ಎಂಬ ಮಾತಿದೆ. ತವರಿನ ಕೋಣೆ, ಎಣ್ಣೆ ತಿಕ್ಕಿ ಎರೆಯುವ ಕೈ, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬರು. 2020ರ ಬೇಸಿಗೆಯಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಅದು ತಪ್ಪಿತು. ಅಜ್ಜಿಯರು ಮೊಮ್ಮಕ್ಕಳನ್ನು ವಿಡಿಯೊ ಕರೆಯಲ್ಲಿ ಕಂಡರು. ಕರ್ನಾಟಕ ಸರ್ಕಾರದ ಮಾತೃಪೂರ್ಣ ಯೋಜನೆಯಡಿ ಬಸುರಿ-ಬಾಣಂತಿಯರು ಅಂಗನವಾಡಿಗೆ ಬಂದು ಕೂತು ಉಣ್ಣುತ್ತಿದ್ದ ಬಿಸಿಯೂಟ ನಿಂತು, ದಿನಸಿ ಮನೆಬಾಗಿಲಿಗೆ ಬಂತು. ಅಕ್ಕಿಬೇಳೆ ತಲುಪಿದರೂ ಪಕ್ಕದಲ್ಲಿ ಕೂತು "ಇನ್ನೊಂದು ತುತ್ತು ಉಣ್ಣವ್ವಾ" ಎನ್ನುವವರು ತಲುಪಲಿಲ್ಲ. ಕರ್ನಾಟಕದ ಅಂಗನವಾಡಿಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು.

ಲಾಕ್‌ಡೌನಿನಲ್ಲಿ ಹುಟ್ಟಿದ ಆ ಮಕ್ಕಳು ಈಗ ಶಾಲೆಗೆ ಕಾಲಿಡುವ ವಯಸ್ಸಿನವರು. ಆಲ್ಮಂಡ್ ತಮ್ಮ ಉತ್ತರಕ್ಕಾಗಿ ಹಳೆಯ ಜನಗಣತಿಯನ್ನು ಕೆದಕಬೇಕಾಯಿತು. ನಮಗೆ ಆ ಕಷ್ಟವಿಲ್ಲ. ತಪಾಸಣೆ, ತೂಕ, ಚುಚ್ಚುಮದ್ದು ಬರೆದಿಟ್ಟ ತಾಯಿ ಕಾರ್ಡುಗಳು ಮನೆಗಳ ಟ್ರಂಕಿನಲ್ಲಿವೆ, ಆಶಾ ಕಾರ್ಯಕರ್ತೆಯರ ನೆನಪು ಇನ್ನೂ ಹಸಿಯಾಗಿದೆ. ಯಾವ ತಾಯಿಗೆ ಯಾವ ತಿಂಗಳ ತಪಾಸಣೆ ತಪ್ಪಿತು, ಬಾಣಂತನ ಯಾರು ಮಾಡಿದರು ಎಂದು ಕೇಳಿ ಬರೆದುಕೊಳ್ಳುವ ಕೆಲಸ ಆ ಕಾರ್ಡುಗಳ ಶಾಯಿ ಮಾಸುವ ಮೊದಲೇ ಆಗಬೇಕು.