ಸೂಲಗಿತ್ತಿಗೆ ಸರ್ಟಿಫಿಕೇಟು ಬಂದ ಕತೆ

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿರುತ್ತಿದ್ದವಳು ಸೂಲಗಿತ್ತಿ. ಅವಳಿಗೆ ಅಜ್ಜಿಯೇ ಗುರು, ಅನುಭವವೇ ಪರೀಕ್ಷೆ. ಹಾಗಿದ್ದರೆ ಹೆರಿಗೆ ಮಾಡಿಸಲು ಪ್ರಮಾಣಪತ್ರ ಬೇಕೆಂಬ ಕಟ್ಟುಪಾಡು ಬಂದದ್ದೇಕೆ?

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬಾಣಂತಿ ನಂಜು ಅಸಂಖ್ಯ ತಾಯಂದಿರನ್ನು ಬಲಿ ತೆಗೆದುಕೊಂಡಿತು. ತಪ್ಪೆಲ್ಲ ಸೂಲಗಿತ್ತಿಯರದೇ ಆಗಿರಲಿಲ್ಲ. ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲೇ ಸಾವು ಹೆಚ್ಚಾಗಿತ್ತು. ಶವಪರೀಕ್ಷೆ ಮಾಡಿದ ಕೈಗಳಲ್ಲೇ ವೈದ್ಯ ವಿದ್ಯಾರ್ಥಿಗಳು ಹೆರಿಗೆ ಕೋಣೆಗೆ ಬರುತ್ತಿದ್ದುದೇ ಕಾರಣವೆಂದು 1847ರಲ್ಲಿ ಡಾ. ಸೆಮ್ಮೆಲ್‌ವೈಸ್ ಕಂಡುಕೊಂಡರು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯ ಮಾಡಿದೊಡನೆ ಸಾವು ಇಳಿಯಿತು. ಹೆರಿಗೆಗೆ ಅನುಭವದ ಜೊತೆಗೆ ಶುಚಿತ್ವದ ಶಿಸ್ತೂ ಬೇಕೆಂಬುದು ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1902ರಲ್ಲಿ ಸೂಲಗಿತ್ತಿಯರ ಕಾಯ್ದೆ ಬಂತು. ಪರೀಕ್ಷೆ ನಡೆಸಿ ಹೆಸರು ನೋಂದಾಯಿಸಲು ಕೇಂದ್ರ ಮಂಡಳಿ ರಚನೆಯಾಯಿತು. 1905ರಿಂದ ಪ್ರಮಾಣಪತ್ರವಿಲ್ಲದವರು ಆ ಹೆಸರು ಬಳಸುವಂತಿರಲಿಲ್ಲ. 1910ರಿಂದ, ವೈದ್ಯರ ನಿರ್ದೇಶನವಿಲ್ಲದೆ ಹಣಕ್ಕಾಗಿ ಹೆರಿಗೆ ಮಾಡಿಸುವ ಕಸುಬಿಗೂ ಪ್ರಮಾಣಪತ್ರ ಬೇಕಾಯಿತು. ಆದರೆ ಕನಿಷ್ಠ ಒಂದು ವರ್ಷದ ಅನುಭವ ಮತ್ತು ಒಳ್ಳೆಯ ನಡತೆಯಿದ್ದ ಹಳೆಯ ಸೂಲಗಿತ್ತಿಯರಿಗೆ ಪರೀಕ್ಷೆಯಿಲ್ಲದೆ ನೋಂದಾಯಿಸಿಕೊಳ್ಳುವ ಅವಕಾಶ ನೀಡಲಾಗಿತ್ತು. ಎಲ್ಲರನ್ನೂ ಒಮ್ಮೆಲೇ ದೂರವಿಟ್ಟರೆ ಬಡವರ ಮನೆಯ ಹೆರಿಗೆಗೆ ಬರುವವರಾರು?

ಭಾರತದಲ್ಲಿ ದಾಯಿಯರಿಗೆ ತರಬೇತಿ ಕೊಡಿಸಲು ಲೇಡಿ ಕರ್ಜನ್ 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿ ಸ್ಥಾಪಿಸಿದರು. ಮದ್ರಾಸ್ ಪ್ರಾಂತ್ಯದಲ್ಲಿ ದಾದಿಯರು ಮತ್ತು ಸೂಲಗಿತ್ತಿಯರ ಕಾಯ್ದೆ ಬಂದದ್ದು 1926ರಲ್ಲಿ. ಮಂಗಳೂರು, ಬಳ್ಳಾರಿಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ದೇಶಕ್ಕೆಲ್ಲ ಏಕರೂಪದ ಶಿಕ್ಷಣ ಮಟ್ಟ ತರುವ ಉದ್ದೇಶದಿಂದ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ 1947ರಲ್ಲಿ ಜಾರಿಗೆ ಬಂತು. ಅದರ ಬದಲಿಗೆ 2023ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯ ಹೆಸರಿನಲ್ಲಿ ಶುಶ್ರೂಷೆಯ ಜೊತೆಗೆ ಪ್ರಸೂತಿ ಸೇವೆಯೂ ಸೇರಿರುವುದು ಗಮನಾರ್ಹ.

ಇದಕ್ಕೂ ಮೊದಲು, 2018ರಲ್ಲಿ, ನೋಂದಾಯಿತ ನರ್ಸುಗಳಿಗೆ ಪ್ರಸೂತಿ ಸೇವೆಯಲ್ಲಿ 18 ತಿಂಗಳ ವಿಶೇಷ ತರಬೇತಿ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಅದೇ ವರ್ಷ ಪದ್ಮಶ್ರೀ ಪುರಸ್ಕಾರ ಪಡೆದವರು ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ. ಶಾಲೆಯ ಮೆಟ್ಟಿಲು ಹತ್ತದ ಅವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಎಲ್ಲ ಊರಿಗೂ ಒಬ್ಬ ನರಸಮ್ಮ ಸಿಗಲಾರರು. ರಕ್ತಸ್ರಾವ ಹತೋಟಿ ಮೀರಿದಾಗ, ಮಗು ಉಸಿರಾಡದಿದ್ದಾಗ ತಕ್ಷಣ ಏನು ಮಾಡಬೇಕೆಂದು ತಿಳಿದವರೊಬ್ಬರು ಪ್ರತಿ ಬಾಣಂತಿಯ ಬಳಿ ಇರಬೇಕು. ಪ್ರಮಾಣಪತ್ರ ಕೊಡಬೇಕಾದ ಭರವಸೆ ಇದೇ. ಇನ್ನು ನೋವಿನ ಹೊತ್ತಿನಲ್ಲಿ ಕೈ ಹಿಡಿದು ಧೈರ್ಯ ಹೇಳುವುದನ್ನು ಹೊಸ ನರ್ಸುಗಳು ಹಳೆಯ ಸೂಲಗಿತ್ತಿಯರಿಂದಲೇ ಕಲಿಯಬೇಕು.