ಒಳಲೆಕ್ಕದ ಸಂಶೋಧನೆಗೆ ಹಣ ಹುಟ್ಟಿದ ಬಗೆ

ಆಂತರಿಕ ಲೆಕ್ಕಪರಿಶೋಧನೆ ಒಂದು ವೃತ್ತಿಯಾಗಿ ನೆಲೆ ನಿಂತದ್ದರ ಹಿಂದೆ ಒಂದು ಪಿಎಚ್.ಡಿ. ಪ್ರಬಂಧವಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಬ್ರಿಂಕ್ ಬರೆದ ಆ ಪ್ರಬಂಧ 1941ರಲ್ಲಿ ಪುಸ್ತಕವಾಗಿ ಹೊರಬಂತು. ಅದೇ ವರ್ಷ ಜಾನ್ ಥರ್ಸ್ಟನ್, ರಾಬರ್ಟ್ ಮಿಲ್ನ್ ಮತ್ತು ಬ್ರಿಂಕ್ ಮುಂದಾಗಿ ನಿಂತು, 24 ಸದಸ್ಯರೊಂದಿಗೆ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್ ಕಟ್ಟಿದರು. ಥರ್ಸ್ಟನ್ ಅದರ ಮೊದಲ ಅಧ್ಯಕ್ಷ. ಬ್ರಿಂಕ್ ಅದರ ಸಂಶೋಧನೆಯ ಹೊಣೆ ಹೊತ್ತ ಮೊದಲಿಗ.

ಆ ಹೊತ್ತಿನಲ್ಲಿ ಅಮೆರಿಕದ ವ್ಯಾಪಾರಲೋಕ ಮೆಕೆಸನ್ ಅಂಡ್ ರಾಬಿನ್ಸ್ ಹಗರಣದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. 1938ರ ಕೊನೆಯಲ್ಲಿ ಬಯಲಾದ ಸಂಗತಿ ಇದು: ಆ ಔಷಧ ಕಂಪನಿಯ ಪುಸ್ತಕದಲ್ಲಿದ್ದ ಸುಮಾರು 8.7 ಕೋಟಿ ಡಾಲರ್ ಆಸ್ತಿಯಲ್ಲಿ 1.9 ಕೋಟಿಯಷ್ಟು ಬರೀ ಕಾಗದದ ಮೇಲಿನದು. ಕೆನಡಾದ ಗೋದಾಮುಗಳಲ್ಲಿ ಇದೆಯೆಂದು ಬರೆದುಕೊಂಡಿದ್ದ ದಾಸ್ತಾನು ಇರಲೇ ಇಲ್ಲ. ಹೊರಗಿನ ಲೆಕ್ಕಪರಿಶೋಧಕರು ವರ್ಷ ವರ್ಷ ಸಹಿ ಹಾಕಿದ್ದರು. ಗೋದಾಮಿಗೆ ಹೋಗಿ ಸರಕು ಎಣಿಸುವುದು ಆಗಿನ ಪದ್ಧತಿಯಲ್ಲಿ ಅವರ ಕೆಲಸವಾಗಿರಲಿಲ್ಲ. ಅನುಮಾನ ಮೊಳೆತದ್ದು ಕಂಪನಿಯ ಒಳಗೇ ಇದ್ದ ಖಜಾಂಚಿ ಜೂಲಿಯನ್ ಥಾಂಪ್ಸನ್ ಮನಸ್ಸಿನಲ್ಲಿ. ಒಳಗಿನವರು ಲೆಕ್ಕ ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಆದರೂ ವಿಶ್ವವಿದ್ಯಾಲಯಗಳು ಈ ವಿಷಯವನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲ. ಕಾರಣ ಸರಳ. ಹೊರಗಿನ ಆಡಿಟರ್ ವರದಿ ಷೇರುದಾರರಿಗಾಗಿ ಅಚ್ಚಾಗುತ್ತದೆ, ಅದು ಯಾರ ಕೈಗೂ ಸಿಗುತ್ತದೆ. ಒಳಗಿನ ಆಡಿಟರ್ ವರದಿ ಕಂಪನಿಯ ಬೀರುವಿನಲ್ಲೇ ಉಳಿಯುತ್ತದೆ. ಕಡತ ಸಿಗದ ಕಡೆ ಪ್ರಬಂಧ ಬರೆಯುವುದು ಹೇಗೆ? ಸಂಶೋಧಕರಾದ ನೀಲ್ ಚರ್ಚಿಲ್ ಮತ್ತು ವಿಲಿಯಂ ಕೂಪರ್ ಹಿಡಿದ ದಾರಿ ಬೇರೆ. ಕಡತ ಬಿಟ್ಟು, ಆಡಿಟ್‌ಗೆ ಒಳಗಾಗುವ ನೌಕರರನ್ನೇ ಮಾತಾಡಿಸಿದರು. ಒಳ ಆಡಿಟರ್ ನಿಮ್ಮ ಕಣ್ಣಿಗೆ ಮೇಷ್ಟರೋ, ವಕೀಲನೋ, ಪೊಲೀಸನೋ ಎಂದು ಕೇಳಿದಾಗ ಹೆಚ್ಚಿನವರ ಉತ್ತರ ಪೊಲೀಸ್ ಎಂದೇ ಇತ್ತು. 1965ರಲ್ಲಿ ಪ್ರಕಟವಾದ ಈ ಅಧ್ಯಯನ ಇವತ್ತಿಗೂ ಓದಲು ಯೋಗ್ಯ. ಆಡಿಟರ್ ಮತ್ತು ನೌಕರರ ನಡುವಿನ ಸಂಬಂಧವನ್ನೇ ಹಿಡಿದು ಫ್ರೆಡರಿಕ್ ಮಿಂಟ್ಸ್ ನಡೆಸಿದ ಸಂಶೋಧನೆಯನ್ನು 1972ರಲ್ಲಿ ಇನ್‌ಸ್ಟಿಟ್ಯೂಟ್ ತಾನೇ ಹೊರತಂದಿತು.

ದೊಡ್ಡ ಮೊತ್ತದ ಹಣ ಬಂದದ್ದು ಕಂಪ್ಯೂಟರ್ ತಂದ ದಿಗಿಲಿನಿಂದ. 1973ರಲ್ಲಿ ಈಕ್ವಿಟಿ ಫಂಡಿಂಗ್ ಎಂಬ ವಿಮಾ ಕಂಪನಿ ಹತ್ತಾರು ಸಾವಿರ ಸುಳ್ಳು ಪಾಲಿಸಿಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಮಾರಿಕೊಂಡದ್ದು ಹೊರಬಿತ್ತು. ಯಂತ್ರದೊಳಗಿನ ಲೆಕ್ಕವನ್ನು ಪರಿಶೀಲಿಸುವುದು ಹೇಗೆಂದು ತಿಳಿಯಲು ಐಬಿಎಂ 5 ಲಕ್ಷ ಡಾಲರ್ ಅನುದಾನ ಕೊಟ್ಟಿತು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅಧ್ಯಯನ ನಡೆಸಿತು. ವರದಿ 1977ರಲ್ಲಿ ಪ್ರಕಟವಾಯಿತು. ಅದಕ್ಕೂ ಒಂದು ವರ್ಷ ಮುಂಚೆ, 1976ರಲ್ಲಿ, ಸಂಶೋಧನೆಗೆಂದೇ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್‌ನ ಒಂದು ಪ್ರತಿಷ್ಠಾನ ಹುಟ್ಟಿಕೊಂಡಿತ್ತು. ಈಗ ಅದರ ಹೆಸರು ಇಂಟರ್ನಲ್ ಆಡಿಟ್ ಫೌಂಡೇಶನ್.

ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಈ ಪ್ರತಿಷ್ಠಾನ ನೀಡಿದ ಅನುದಾನ ಮೈಕೆಲ್ ಜೆ. ಬ್ಯಾರೆಟ್ ಅವರ ಹೆಸರಿನದು. ಐಬಿಎಂ ಕೊಟ್ಟ ಮೊತ್ತದ ಮುಂದೆ ಇದು ಚಿಕ್ಕದು. ಆದರೆ ಇದರ ಬೆಲೆಯನ್ನು ಡಾಲರಿನಲ್ಲಿ ಅಳೆಯಬಾರದು. ವೃತ್ತಿಸಂಸ್ಥೆಯೊಂದು ಬೆನ್ನಿಗಿದ್ದರೆ ಕಂಪನಿಗಳ ಬಾಗಿಲು ತಟ್ಟುವುದು ಸುಲಭ; ಪ್ರಶ್ನಾವಳಿಗೆ ಉತ್ತರ ಬರುತ್ತದೆ. 2015ರಲ್ಲಿ ಪ್ರತಿಷ್ಠಾನ ನಡೆಸಿದ ಜಾಗತಿಕ ಸಮೀಕ್ಷೆಗೆ 166 ದೇಶಗಳಿಂದ 14,518 ಮಂದಿ ಉತ್ತರಿಸಿದರು. ಒಬ್ಬಂಟಿ ಸಂಶೋಧಕ ಜೀವಮಾನವಿಡೀ ಅಲೆದರೂ ಇಷ್ಟು ಜನರನ್ನು ತಲುಪಲಾರ.

2002ರ ಜೂನ್‌ನಲ್ಲಿ ಈ ವೃತ್ತಿಯ ಕಡೆಗೆ ಜಗತ್ತೇ ತಿರುಗಿ ನೋಡಿತು. ವರ್ಲ್ಡ್‌ಕಾಮ್ ಕಂಪನಿಯ ಆಂತರಿಕ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ, ಖರ್ಚನ್ನು ಆಸ್ತಿಯೆಂದು ಬರೆದು ಮುಚ್ಚಿಟ್ಟಿದ್ದ 3.8 ಬಿಲಿಯನ್ ಡಾಲರನ್ನು ಪತ್ತೆಹಚ್ಚಿದ್ದರು. ಮುಂದಿನ ತಿಂಗಳೇ ಅಮೆರಿಕದಲ್ಲಿ ಕಂಪನಿಗಳ ಲೆಕ್ಕಪತ್ರವನ್ನು ಬಿಗಿಗೊಳಿಸುವ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂತು. ಮರುವರ್ಷ ಪ್ರತಿಷ್ಠಾನ ಹೊರತಂದ ಒಂದು ಸಂಪುಟ, ಈ ಕ್ಷೇತ್ರದಲ್ಲಿ ಇನ್ನೂ ಉತ್ತರ ಸಿಗದ ಪ್ರಶ್ನೆಗಳೇನೆಂದು ಯುವ ಸಂಶೋಧಕರ ಮುಂದೆ ಹರಡಿಟ್ಟಿತು. ಅದರ ಮೂವರು ಸಂಪಾದಕರಲ್ಲಿ ಒಬ್ಬರು ಭಾರತ ಮೂಲದ ಶ್ರೀಧರ್ ರಾಮಮೂರ್ತಿ; ವೃತ್ತಿಯ ಇತಿಹಾಸ ಹೇಳುವ ಅಧ್ಯಾಯವೂ ಅವರದೇ.

ನಮ್ಮಲ್ಲಿ ಎಲ್ಲ ಲಿಸ್ಟೆಡ್ ಕಂಪನಿಗಳಿಗೂ ಆಂತರಿಕ ಆಡಿಟ್ ಕಡ್ಡಾಯವಾದದ್ದು 2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್‌ನಿಂದ. ವಾಣಿಜ್ಯಶಾಸ್ತ್ರದ ಸಂಶೋಧಕರಿಗೆ ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಇದೆ. 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಊಟ, ವಸತಿಗೆ ಆಧಾರ, ನಿಜ. ಕಡತದ ಬೀರು ತೆರೆಸುವ ಶಕ್ತಿ ಅದಕ್ಕಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ತಕ್ಕ ವಿಷಯ ಕಣ್ಣೆದುರೇ ಇದೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಇವೆಲ್ಲ 1906ರಿಂದ 1931ರ ನಡುವೆ ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು. ಹಳ್ಳಿ ಹಳ್ಳಿಗೆ ಶಾಖೆ ಹರಡಿದ ಇಂಥ ಬ್ಯಾಂಕುಗಳನ್ನು ಕಾದದ್ದು ಇನ್‌ಸ್ಪೆಕ್ಷನ್ ವಿಭಾಗ. ಕ್ಯಾಷ್ ಎಣಿಸಿ, ಅಡವಿಟ್ಟ ಚಿನ್ನ ತೂಗಿ, ಲೆಡ್ಜರ್ ತಾಳೆ ನೋಡಿ ಊರೂರು ತಿರುಗಿದ ಆ ಅಧಿಕಾರಿಗಳ ಚರಿತ್ರೆಯನ್ನು ಪ್ರಬಂಧಗಳು ಹೇಳಬೇಕು. ಐದರಲ್ಲಿ ಮೂರು ಬ್ಯಾಂಕುಗಳು 2019 ಮತ್ತು 2020ರ ವಿಲೀನಗಳಲ್ಲಿ ಹೆಸರು ಕಳೆದುಕೊಂಡವು. ಹಳೆಯ ಇನ್‌ಸ್ಪೆಕ್ಷನ್ ವರದಿಗಳು ಗುಜರಿಗೆ ಹೋಗುವ ಮೊದಲು ಬ್ಯಾಂಕುಗಳು ಅವನ್ನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಲಿ. ಜೊತೆಗೆ ಒಬ್ಬಿಬ್ಬರು ಪಿಎಚ್.ಡಿ. ವಿದ್ಯಾರ್ಥಿಗಳ ಖರ್ಚನ್ನಾದರೂ ವಹಿಸಿಕೊಳ್ಳಲಿ. ಆ ಕೆಲಸ ಮಾಡಿ ನಿವೃತ್ತರಾದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಲು ಇದೇ ಸಮಯ.